ಇಂಜಿನ್‌ಗೆ ಒಡವೆ ತೊಡಿಸುವ ಮೊದಲು ಬೋಲ್ಟ್ ಅಳೆಯಿರಿ

ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ಇಂಜಿನ್ ಪಕ್ಕದ ಕವರ್ ಮೇಲೆ ಈಗ ಒಂದು ಅಲ್ಯೂಮಿನಿಯಂ ಪ್ಲೇಟ್ ಕೂತಿದೆ. ಕಪ್ಪು ಬಣ್ಣ, ಆನೊಡೈಸ್ ಮಾಡಿದ್ದು. ಆಯಿಲ್ ಹಾಕುವ ಬಾಯಿಗೂ ಅದಕ್ಕೆ ಹೊಂದುವ ಮುಚ್ಚಳ. ಎರಡನ್ನೂ ಸಾಗರದ ನಮ್ಮ ಮನೆ ಅಂಗಳದಲ್ಲೇ ಕೂರಿಸಿದೆ. ನೋಡಿದವರೆಲ್ಲ "ಎಲ್ಲಿ ತಂದ್ರಿ, ಎಷ್ಟಾಯ್ತು" ಅಂತ ಕೇಳುತ್ತಾರೆ. ಯಾವ ಬೋಲ್ಟ್ ಹಾಕಿದ್ರಿ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ಮೊದಲು ಸಾಮಾನಿನ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಕ್ರೋಮ್ ಬಳಿದ ಪ್ಲಾಸ್ಟಿಕ್ ಕವರ್‌ಗಳು ಸಾಲಾಗಿ ಮಿನುಗುತ್ತವೆ. ಬೆಲೆ ಕಮ್ಮಿ, ಅಂಟಿಸಿದರೆ ಮುಗಿಯಿತು. ಹೆಡ್‌ಲೈಟ್ ಸುತ್ತ, ಮಡ್‌ಗಾರ್ಡ್ ಮೇಲೆ ಹಾಕುವುದಾದರೆ ತಕರಾರಿಲ್ಲ. ಇಂಜಿನ್‌ಗೆ ಮಾತ್ರ ಬೇಡ. ಈ ಕವರ್‌ಗಳನ್ನು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ಅದು ಸುಮಾರು 105 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಘಾಟಿ ಹತ್ತಿ ಬಂದ ಗಾಡಿಯ ಸಿಲಿಂಡರ್ ಹೆಡ್, ಅಂದರೆ ಇಂಜಿನ್‌ನ ಮೇಲ್ಭಾಗದ ಹತ್ತಿರ ಒಂದು ಹನಿ ನೀರು ಬಿಟ್ಟು ನೋಡಿ, ಚುರ್ ಅಂತ ಆರಿಹೋಗುತ್ತದೆ. ಅಂದರೆ ಅಲ್ಲಿ ಆಗಲೇ 100 ಡಿಗ್ರಿ ದಾಟಿದೆ. ಅಲ್ಲಿಗೆ ಪ್ಲಾಸ್ಟಿಕ್ ಹೇಗೆ ಹಾಕುವುದು?

ಸಿಲಿಂಡರ್ ಸುತ್ತ ಇರುವ ಪದರ ಪದರದ ಫಿನ್‌ಗಳನ್ನು ಮುಚ್ಚುವಂಥದ್ದನ್ನಂತೂ ಯಾವ ಲೋಹದ್ದಾದರೂ ಹಾಕಬೇಡಿ. ಈ 349 ಸಿಸಿ ಇಂಜಿನ್‌ಗೆ ರೇಡಿಯೇಟರ್ ಇಲ್ಲ. ಗಾಳಿ ಮತ್ತು ಆಯಿಲ್ ಎರಡರಿಂದಲೇ ಅದು ತಣ್ಣಗಾಗಬೇಕು. ಫಿನ್‌ಗಳ ನಡುವೆ ಗಾಳಿ ಆಡದಿದ್ದರೆ ಅಂದ ಕಟ್ಟಿಕೊಂಡು ಏನು ಮಾಡುವುದು?

ಅದಕ್ಕೇ ಅಲ್ಯೂಮಿನಿಯಂ ಪ್ಲೇಟ್ ಆರಿಸಿದೆ. ಆನೊಡೈಸ್ ಅಂದರೆ ಮೇಲೆ ಬಳಿದ ಪೇಂಟ್ ಅಲ್ಲ. ಲೋಹದ ಮೈಯಿಂದಲೇ ಬೆಳೆಸಿದ ಆಕ್ಸೈಡ್ ಪದರ. ಸಿಪ್ಪೆ ಏಳುವುದಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಅಪರೂಪ. ಹಾಗಾಗಿ ನನಗೆ ಇದು ದೊಡ್ಡ ವಿಷಯ.

ಈಗ ಬೋಲ್ಟ್. ಈ ಪ್ಲೇಟ್ ಕೂರುವುದು ಕವರ್‌ನದೇ ಮೂರು ಬೋಲ್ಟ್‌ಗಳ ಕೆಳಗೆ. ಅವು ಬರೀ ಪ್ಲೇಟ್ ಹಿಡಿಯುವ ಬೋಲ್ಟ್‌ಗಳಲ್ಲ, ಒಳಗಿನ ಪ್ಯಾಕಿಂಗನ್ನು ಒತ್ತಿ ಹಿಡಿದು ಆಯಿಲ್ ಸೋರದಂತೆ ಕಾಯುವವು. ಪ್ಲೇಟ್ 4 ಮಿ.ಮೀ. ದಪ್ಪ. ಹಳೆಯ ಬೋಲ್ಟ್‌ಗಳನ್ನೇ ಹಾಕಿದರೆ ಒಳಗಿನ ಥ್ರೆಡ್‌ಗೆ ಅಷ್ಟು ಹಿಡಿತ ಕಮ್ಮಿ. ಇಂಜಿನ್ ಮೈಯೂ ಅಲ್ಯೂಮಿನಿಯಂನದೇ, ಅದು ಮೆತ್ತಗಿನ ಲೋಹ, ಅದರಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ ಹಿಡಿದಿರಬೇಕು. ಎಂ6, ಅಂದರೆ 6 ಮಿ.ಮೀ. ದಪ್ಪದ ಬೋಲ್ಟ್ ಆದರೆ 9 ಮಿ.ಮೀ.

ಹಾಗಂತ ಉದ್ದದ್ದು ಹಾಕಿದರೆ ಆಯಿತಾ? ಅದೂ ಅಲ್ಲ. ಪ್ಲೇಟ್ ಜೊತೆ ಬಂದ ಅಲೆನ್ ಬೋಲ್ಟ್‌ಗಳು (ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವವು) ಹಳೆಯದಕ್ಕಿಂತ 10 ಮಿ.ಮೀ. ಉದ್ದ. ಪ್ಲೇಟಿನ 4 ಕಳೆದರೆ 6 ಮಿ.ಮೀ. ಜಾಸ್ತಿ ಒಳಗೆ ಹೋಗಬೇಕು. ವರ್ನಿಯರ್ ಕ್ಯಾಲಿಪರ್‌ನ ಹಿಂಬದಿಯ ಕಡ್ಡಿಯನ್ನು ರಂಧ್ರಕ್ಕೆ ಇಳಿಸಿ ಅಳೆದೆ. ಹಳೆಯ ಬೋಲ್ಟಿನ ತುದಿ ದಾಟಿದ ಮೇಲೆ ಉಳಿದಿದ್ದ ಜಾಗ 3 ಮಿ.ಮೀ. ಮಾತ್ರ. ಅಷ್ಟುದ್ದದ ಬೋಲ್ಟ್ ರಂಧ್ರದ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಮಾತ್ರ ಟೈಟ್ ಆದ ಹಾಗೇ ಅನಿಸುತ್ತದೆ. ಕವರ್ ಸಡಿಲವಾಗಿಯೇ ಇರುತ್ತದೆ. ಇನ್ನೂ ಜೋರು ಹಾಕಿದರೆ ಥ್ರೆಡ್ ಹೋಗುತ್ತದೆ, ಇಲ್ಲವೇ ಇಂಜಿನ್ ಮೈಯೇ ಬಿರುಕು ಬಿಡುತ್ತದೆ. ಒಂದು ಸಣ್ಣ ಬೋಲ್ಟಿಗೆ ಇಂಜಿನ್ ಬಿಚ್ಚಿಸುವ ಖರ್ಚು!

ಈ ಉದ್ದದ ಎಂ6 ಬೋಲ್ಟ್ ಸಾಮಾನ್ಯವಾಗಿ 5 ಮಿ.ಮೀ. ಅಂತರದ ಅಳತೆಗಳಲ್ಲಿ ಸಿಗುತ್ತದೆ. ಹಳೆಯದಕ್ಕಿಂತ 5 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ಶಿವಮೊಗ್ಗದಿಂದ ತಂದೆ. ಒಳಗೆ ಹೋಗುವುದು 1 ಮಿ.ಮೀ. ಮಾತ್ರ ಜಾಸ್ತಿ, ತಳಕ್ಕೆ ಇನ್ನೂ 2 ಉಳಿಯಿತು. ಒಂದು ಮಾತು: ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಒದ್ದೆಯಾಗಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಆಮೇಲೆ ಬೋಲ್ಟ್ ಬಿಚ್ಚಲು ಬರುವುದೇ ಇಲ್ಲ. ಥ್ರೆಡ್‌ಗೆ ತೆಳುವಾಗಿ ಆಂಟಿ ಸೀಜ್ ಗ್ರೀಸ್ ಹಚ್ಚಿದರೆ ಆ ಭಯ ಕಮ್ಮಿ.

ಕೆಲಸ ಮಾತ್ರ ಸುಲಭ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ. ಬೋಲ್ಟ್‌ಗಳ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಅದೇ ರಂಧ್ರಕ್ಕೆ ಬೀಳುತ್ತದೆ. ಬೋಲ್ಟ್‌ಗಳನ್ನು ಒಟ್ಟಿಗೆ ಬಿಚ್ಚದಿದ್ದರೆ ಕವರ್ ಕದಲುವುದಿಲ್ಲ. ಹಾಗಾಗಿ ಅಳೆಯುವಾಗ ಒಂದನ್ನು ಬಿಚ್ಚಿ, ಅಳೆದು, ಅದನ್ನು ಹಾಕಿಯೇ ಇನ್ನೊಂದನ್ನು ಬಿಚ್ಚಿದೆ. ಪ್ಲೇಟ್ ಇಡುವಾಗ ಮೂರನ್ನೂ ತೆಗೆಯಲೇಬೇಕು. ಆಗ ಉಳಿದ ಬೋಲ್ಟ್‌ಗಳು ಕವರನ್ನು ಹಿಡಿದಿರುತ್ತವೆ, ನಾವು ಅದನ್ನು ಅಲುಗಾಡಿಸದಿದ್ದರೆ ಸಾಕು.

ಅಣ್ಣನ ಮಗ ಜೊತೆಗಿದ್ದ. ಮೂರೂ ಬೋಲ್ಟ್‌ಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದ. ಆಮೇಲೆ ಅಲೆನ್ ಕೀ ಹಿಡಿದು "ಅತ್ತೆ, ಇನ್ನೊಂದು ಸುತ್ತು ಕೊಡ್ಲಾ?" ಅಂದ. "ಬೇಡ ಮಾರಾಯ, ಟಾರ್ಕ್ ರೆಂಚ್ ತಗೊಂಡು ಬಾ" ಅಂದೆ. ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ ಅದು. ಈ ಅಳತೆಯ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಗ್ರೀಸ್ ಹಚ್ಚಿದಾಗ ಅದೇ ಅಳತೆಗೆ ಬೋಲ್ಟ್ ಜಾಸ್ತಿ ಬಿಗಿಯುತ್ತದೆ, ಅದಕ್ಕೆ 8ಕ್ಕೆ ನಿಲ್ಲಿಸಿದೆವು. ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ, ಸರದಿಯ ಮೇಲೆ.

ಆಯಿಲ್ ಮುಚ್ಚಳದ ಕೆಲಸ ನಿಮಿಷದ್ದು. ಓ ರಿಂಗ್‌ಗೆ, ಅಂದರೆ ಮುಚ್ಚಳದ ರಬ್ಬರ್ ಬಳೆಗೆ, ಒಂದು ಹನಿ ಇಂಜಿನ್ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಡಿ. ಪಾನಾ ಹಾಕಬೇಡಿ. ಲೋಹದ ಮುಚ್ಚಳ ಪ್ಲಾಸ್ಟಿಕ್‌ನದಕ್ಕಿಂತ ಬೇಗ ಬಿಸಿಯಾಗುತ್ತದೆ. ಗಾಡಿ ಓಡಿಸಿ ಬಂದ ಕೂಡಲೇ ಬರಿಗೈಯಲ್ಲಿ ಮುಟ್ಟಬೇಡಿ.

ಮುಗಿಸಿ ತಾಳಗುಪ್ಪದ ಮೇಲೆ ಜೋಗದವರೆಗೆ ಹೋಗಿ ಬಂದೆ. ಮಾರನೇ ದಿನ ಬೆಳಿಗ್ಗೆ, ತಣ್ಣಗಿದ್ದಾಗ, ಮತ್ತೆ ಟಾರ್ಕ್ ನೋಡಿದೆ. ಅಲ್ಯೂಮಿನಿಯಂ ಬಿಸಿಗೆ ಸ್ಟೀಲ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಬಿಸಿ ಇಂಜಿನ್ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಕವರಿನ ಅಂಚಿಗೆ ಬಿಳಿ ಬಟ್ಟೆ ಎಳೆದು ನೋಡಿದೆ. ಆಯಿಲ್ ಕಲೆ ಇರಲಿಲ್ಲ. ಅದನ್ನು ನೋಡಿ ಆದ ಖುಷಿ ಪ್ಲೇಟ್ ನೋಡಿ ಆದದ್ದಕ್ಕಿಂತ ಜಾಸ್ತಿ.

ಸೈಲೆನ್ಸರ್ ಯಾಕೆ ಬದಲಿಸಲಿಲ್ಲ ಅಂತ ಕೆಲವರು ಕೇಳಿದರು. ಅದು ಅಲಂಕಾರ ಅಲ್ಲ. ಕಂಪನಿ ಕೊಟ್ಟದ್ದನ್ನು ತೆಗೆದು ಸದ್ದು ಮಾಡುವುದನ್ನು ಹಾಕಿದರೆ ಕಾನೂನೂ ಬಿಡುವುದಿಲ್ಲ, ಬೀದಿಯ ಜನಕ್ಕೂ ಹಿಂಸೆ.

ಹಳೆಯ ಬೋಲ್ಟ್‌ಗಳನ್ನು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿ, ಯಾವ ಜಾಗದ್ದು ಅಂತ ಚೀಟಿ ಬರೆದಿಡಿ. ಎಂದಾದರೂ ಪ್ಲೇಟ್ ತೆಗೆದರೆ ಈ ಉದ್ದದ ಬೋಲ್ಟ್‌ಗಳು ಆ ಜಾಗಕ್ಕೆ ಆಗುವುದಿಲ್ಲ. ಗಾಡಿ ಸರ್ವಿಸ್‌ಗೆ ಬಿಡುವಾಗ ಮೆಕ್ಯಾನಿಕ್‌ಗೂ ಇದನ್ನು ಹೇಳಿ.