ಪ್ರೋಟೀನ್ ತಾನೇ ಮಡಚಿಕೊಳ್ಳುತ್ತೆ, ಗೊತ್ತಾ?

ಪ್ರೋಟೀನ್ ಅಂದ್ರೆ ಜಿಮ್ಮಿನವರ ಡಬ್ಬಿ ಅಷ್ಟೇ ಅಲ್ಲ. ಮೊದಲು ಅದು ಬರೀ ಅಮೈನೋ ಆಮ್ಲಗಳ ಸರಪಳಿ. ಆಮೇಲೆ ಅಲ್ಲಲ್ಲಿ ಸುರುಳಿ, ಅಲ್ಲಲ್ಲಿ ಹಾಳೆ, ಕೊನೆಗೆ ಪೂರ್ತಿ ಮಡಚಿಕೊಂಡು ಒಂದು ಆಕಾರ. ಹಿಮೋಗ್ಲೋಬಿನ್‌ನಲ್ಲಿ ಇಂಥ ನಾಲ್ಕು ಸರಪಳಿಗಳು ಜೊತೆಯಾಗಿವೆ.

ನನಗೆ ಇಷ್ಟವಾದ ಭಾಗ ಬೇರೆ. ಸರಪಳಿ ಬೇಕಾದ ಹಾಗೆಲ್ಲ ತಿರುಗೋಕೆ ಆಗಲ್ಲ, ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಪ್ರತಿ ಅಮೈನೋ ಆಮ್ಲದ ಹತ್ತಿರ ಸರಪಳಿ ಎಷ್ಟು ತಿರುಗಿದೆ ಅಂತ ಹೇಳುವ ಫೈ, ಸೈ ಅಂತ ಎರಡು ಕೋನಗಳಿವೆ; ಅವುಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದು ಆಗದ ಮಾತು ಅಂತ 1963ರಲ್ಲಿ ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಒಂದೇ ನಕ್ಷೆಯಲ್ಲಿ ತೋರಿಸಿಬಿಟ್ಟರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿಗೆ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೇ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಯಶವಂತಪುರದ ಬಸ್ಸಲ್ಲಿ ಆ ಗೇಟ್ ದಾಟುವ ಎಷ್ಟು ಜನಕ್ಕೆ ಇದು ಗೊತ್ತು ಹೇಳಿ!

ಇನ್ನು ಆನ್‌ಫಿನ್‌ಸನ್, 1972ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ. 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಅನ್ನೋ ಪ್ರೋಟೀನನ್ನು ಯೂರಿಯಾ ಮತ್ತಿತರ ರಾಸಾಯನಿಕ ಹಾಕಿ ಪೂರ್ತಿ ಬಿಚ್ಚಿದರು. ಅವನ್ನು ತೆಗೆದಮೇಲೆ ಅದು ಸುಮ್ನೆ ತಾನೇ ಮಡಚಿಕೊಂಡು ಮತ್ತೆ ಕೆಲಸ ಶುರುಮಾಡಿತು!

ಹಾಗಾದ್ರೆ ಬೇಯಿಸಿದ ಮೊಟ್ಟೆ ಆರಿದ ಮೇಲೆ ಯಾಕೆ ವಾಪಸ್ ಹಸಿಯಾಗಲ್ಲ? ಅಲ್ಲಿ ಪ್ರೋಟೀನ್ ಜಾಸ್ತಿ, ಜಾಗ ಕಮ್ಮಿ. ಬಿಸಿಗೆ ಬಿಚ್ಚಿಕೊಂಡ ಸರಪಳಿಗಳು ತಮ್ಮಷ್ಟಕ್ಕೆ ಮಡಚಿಕೊಳ್ಳುವ ಮೊದಲೇ ಪಕ್ಕದವುಗಳ ಜೊತೆ ಸಿಕ್ಕುಹಾಕಿಕೊಳ್ಳುತ್ತವೆ.