ಮುನ್ನೂರು ಡಾಲರಿನ ಪಿಸ್ತೂಲನ್ನು ನಂಬಬಹುದೇ?

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಸಿಕ್ಕ ಮೇಲೆ ಮೊದಲ ಸಲ ಗನ್ ಅಂಗಡಿಗೆ ಹೋಗಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಟಾರಸ್ ಜಿ3ಸಿ ಮುನ್ನೂರು ಡಾಲರಿನ ಆಸುಪಾಸಿಗೆ ಸಿಗುತ್ತೆ. ಪಕ್ಕದಲ್ಲೇ ಇರೋ ಗ್ಲಾಕ್ ಐನೂರರ ಮೇಲೆ. ಅಗ್ಗದ್ದು ತಗೊಂಡ್ರೆ ಮೋಸ ಹೋಗ್ತೀವಾ?"

ಮೋಸ ಹೋಗುವುದಿಲ್ಲ, ಆದರೆ ಖರ್ಚು ಮುನ್ನೂರಕ್ಕೆ ಮುಗಿಯುವುದೂ ಇಲ್ಲ. ಪಿಸ್ತೂಲಿನ ಬೆಲೆಗೆ ಕನಿಷ್ಠ 500 ಗುಂಡುಗಳ ಬೆಲೆ ಸೇರಿಸಿಯೇ ಲೆಕ್ಕ ಹಾಕಬೇಕು. ಅಗ್ಗದ ಪಿಸ್ತೂಲಿನ ತಯಾರಕರು ಉಳಿಸುವ ಹಣದಲ್ಲಿ ಒಂದು ಪಾಲು ತಪಾಸಣೆಯದ್ದು. ಆ ತಪಾಸಣೆಯನ್ನು ಕೊಂಡವರು ಗುಂಡು ಹಾರಿಸುವ ರೇಂಜಿನಲ್ಲಿ ಮಾಡಿ ಮುಗಿಸಬೇಕು. ಅದಕ್ಕೆ ತಯಾರಿಲ್ಲದಿದ್ದರೆ ಅಗ್ಗದ್ದನ್ನು ಕೊಳ್ಳಲೇಬೇಡಿ.

ಇನ್ನೊಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ಇದನ್ನು ನೇರವಾಗಿ ಕೇಳುತ್ತಾರೆ, ಸುಳ್ಳು ಬರೆದರೆ ಅದೇ ಒಂದು ಅಪರಾಧ. ಬೆಲೆಯ ವಿಚಾರಕ್ಕಿಂತ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ.

ಹಣ ಎಲ್ಲಿ ಉಳಿಯುತ್ತದೆ ಎಂದು ಗೊತ್ತಾದರೆ ಏನನ್ನು ನೋಡಬೇಕು ಎಂಬುದೂ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಫ್ರೇಮ್ (ಹಿಡಿಕೆ ಇರುವ ಕೆಳಭಾಗ) ಇರುವುದರಿಂದ ಪಿಸ್ತೂಲು ಕಳಪೆಯಾಗುವುದಿಲ್ಲ. 1980ರ ದಶಕದ ಗ್ಲಾಕ್ 17ರಿಂದ ಇಂದಿನ ದುಬಾರಿ ಮಾದರಿಗಳವರೆಗೆ ಬಹುಪಾಲಿಗೆ ಅದೇ ಇದೆ. ಉಳಿತಾಯ ಆಗುವುದು ಸಣ್ಣ ಭಾಗಗಳಲ್ಲಿ: ಲೋಹದ ಪುಡಿಯನ್ನು ಅಚ್ಚಿಗೆ ತುಂಬಿ ಕಾಯಿಸಿ ಮಾಡಿದ ಎಕ್ಸ್‌ಟ್ರಾಕ್ಟರ್ (ಹಾರಿದ ಗುಂಡಿನ ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ), ಗುರಿ ನೋಡುವ ಪ್ಲಾಸ್ಟಿಕ್ ಸೈಟ್, ಒಳಗೆ ಅಳಿಸದೆ ಬಿಟ್ಟ ಕಟ್ಟರ್‌ನ ಗೀರು, ತೆಳುವಾದ ಲೇಪನ. ಪುಡಿಲೋಹದ ಭಾಗಗಳೂ ಕೆಟ್ಟವಲ್ಲ, ಸರಿಯಾಗಿ ಮಾಡಿದ್ದರೆ ಸಾವಿರಾರು ಗುಂಡು ತಾಳುತ್ತವೆ. ಆದರೆ ಒಳಗೆ ಸಣ್ಣ ಗಾಳಿಗುಳ್ಳೆ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಮುರಿದಾಗಲೇ ತಿಳಿಯುತ್ತದೆ.

ಹೈ-ಪಾಯಿಂಟ್ ಸಿ9 ಉಳಿತಾಯದ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ಬ್ಯಾರೆಲ್ ಮತ್ತು ಸ್ಲೈಡ್ (ಮೇಲೆ ಹಿಂದೆಮುಂದೆ ಜಾರುವ ಭಾಗ) ಒಂದಕ್ಕೊಂದು ಲಾಕ್ ಆಗುವುದೇ ಇಲ್ಲ, ಸ್ಲೈಡಿನ ಭಾರವೇ ಒತ್ತಡವನ್ನು ತಡೆಯುತ್ತದೆ. 9 ಎಂಎಂ ಗುಂಡಿನ ಗರಿಷ್ಠ ಒತ್ತಡ ಅಮೆರಿಕದ ಮಾನದಂಡದಲ್ಲಿ ಚದರ ಇಂಚಿಗೆ 35,000 ಪೌಂಡ್, ಅಂದರೆ 35,000 ಪಿಎಸ್‌ಐ. ಅಷ್ಟನ್ನು ಬರೀ ಭಾರದಿಂದ ತಡೆಯಬೇಕಾದ್ದರಿಂದ ಸತುವಿನ ಮಿಶ್ರಲೋಹದ ದಪ್ಪ ಸ್ಲೈಡ್ ಬೇಕಾಯಿತು. ಮ್ಯಾಗಜೀನಿನಲ್ಲಿ ಹಿಡಿಯುವುದು ಎಂಟೇ ಗುಂಡು, ಪಿಸ್ತೂಲು ತೂಗುವುದು 800 ಗ್ರಾಂ ಮೇಲೆ. ಜಿ3ಸಿ ಸುಮಾರು 620 ಗ್ರಾಂನಲ್ಲಿ 12 ಗುಂಡು ಹಿಡಿಯುತ್ತದೆ. ಹೈ-ಪಾಯಿಂಟಿನ ರಚನೆ ಅಪಾಯಕಾರಿಯೇನಲ್ಲ, ಹೊತ್ತು ತಿರುಗಲು ಭಾರ ಅಷ್ಟೆ.

ಹೆಸರಿನ ವಿಷಯಕ್ಕೆ ಬರೋಣ. ಟಾರಸ್ ಎಂದೊಡನೆ ಕೆಲವರು ಮುಖ ಸಿಂಡರಿಸುವುದಕ್ಕೆ ಕಾರಣವಿದೆ. 2015ರಲ್ಲಿ ಅದರ ಒಂಬತ್ತು ಹಳೆಯ ಮಾದರಿಗಳ ಬಗ್ಗೆ, ಕೆಳಗೆ ಬಿದ್ದರೆ ಗುಂಡು ಹಾರಬಹುದು ಎಂಬ ದೂರಿನ ಮೇಲೆ, ಅಮೆರಿಕದ ಕೋರ್ಟಿನಲ್ಲಿ ರಾಜಿ ಒಪ್ಪಂದವಾಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಪರಿಹಾರಕ್ಕೆ ಒಪ್ಪಿತು. ಜಿ2, ಜಿ3 ಸರಣಿಗಳು ಆ ಪಟ್ಟಿಯಲ್ಲಿಲ್ಲ. ಹಳೆಯ ಪಿಟಿ-111 ಮಿಲೇನಿಯಂ ಅಥವಾ 24/7 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮಾತ್ರ ಇದು ನಿಮಗೆ ಸಂಬಂಧಿಸಿದ್ದು, ಅಂಥದ್ದನ್ನು ಮುಟ್ಟಬೇಡಿ. ಹಾಗೆಂದು ದುಬಾರಿ ಹೆಸರೂ ರಕ್ಷೆಯಲ್ಲ. ಅಮೆರಿಕದ ಸೈನ್ಯ ಆರಿಸಿಕೊಂಡ ವರ್ಷವೇ, 2017ರ ಆಗಸ್ಟಿನಲ್ಲಿ, ಸಿಗ್ ಸಾವರ್ ತನ್ನ ಪಿ320 ಪಿಸ್ತೂಲಿಗೆ ಉಚಿತ ಮಾರ್ಪಾಡು ಘೋಷಿಸಬೇಕಾಯಿತು. ಹಿಂಭಾಗ ನೆಲಕ್ಕೆ ಬಡಿಯುವಂತೆ ಒಂದು ಕೋನದಲ್ಲಿ ಬಿದ್ದಾಗ ಟ್ರಿಗರ್ ತನ್ನದೇ ಭಾರಕ್ಕೆ ಹಿಂದೆ ಸರಿಯುತ್ತಿತ್ತು. ಹಗುರವಾದ ಟ್ರಿಗರ್ ಹಾಕಿ ಸರಿಪಡಿಸಿದರು. ಯಾವ ಪಿಸ್ತೂಲನ್ನೇ ಕೊಳ್ಳಿ, ಸೀರಿಯಲ್ ನಂಬರನ್ನು ತಯಾರಕರ ಸುರಕ್ಷತಾ ಸೂಚನೆಗಳ ಜೊತೆ ತಾಳೆ ನೋಡಿ.

ಅಂಗಡಿಯಲ್ಲಿ ಐದು ನಿಮಿಷ ಸಾಕು. ಮ್ಯಾಗಜೀನ್ ಮೊದಲು ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಹಿಡಿದು ಚೇಂಬರ್ (ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಈ ಕ್ರಮ ಹಿಂದುಮುಂದಾದರೆ ಮ್ಯಾಗಜೀನಿನಿಂದ ಮತ್ತೊಂದು ಗುಂಡು ಒಳಗೆ ಸೇರುತ್ತದೆ. ಸ್ಲೈಡ್ ಮುಚ್ಚಿದ ಮೇಲೆ ಮೇಲಿನ ಕಿಂಡಿಯಲ್ಲಿ ಕಾಣುವ ಬ್ಯಾರೆಲ್ ಭಾಗವನ್ನು ಹೆಬ್ಬೆರಳಿಂದ ಒತ್ತಿ; ಅಲುಗಾಡಬಾರದು. ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಅಂಚು ಚೂಪಾಗಿ, ಮುಕ್ಕಾಗದೆ ಇರಬೇಕು. ಖಾಲಿ ಮ್ಯಾಗಜೀನನ್ನು ನೇರ ಹಿಡಿದು ಬಟನ್ ಒತ್ತಿದರೆ ತಾನಾಗಿ ಜಾರಿ ಬೀಳಬೇಕು. ಅಂಗಡಿಯವರು ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯಲು, ಅಂದರೆ ಡ್ರೈ ಫೈರ್‌ಗೆ ಒಪ್ಪಿದರೆ ಬ್ಯಾರೆಲ್ಲನ್ನು ಮೇಲ್ಮುಖ ಮಾಡಿ, ರಬ್ಬರ್ ಇರುವ ಪೆನ್ಸಿಲನ್ನು ರಬ್ಬರ್ ತುದಿ ಕೆಳಗಾಗಿ ಒಳಗೆ ಬಿಟ್ಟು ಟ್ರಿಗರ್ ಎಳೆಯಿರಿ. ಪೆನ್ಸಿಲ್ ಚಿಮ್ಮಿ ಹೊರಬಂದರೆ ಸ್ಟ್ರೈಕರ್ (ಗುಂಡಿನ ಬುಡಕ್ಕೆ ಹೊಡೆಯುವ ಸೂಜಿ) ಮುಂದಕ್ಕೆ ಬರುತ್ತಿದೆ ಎಂದರ್ಥ. ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರನ್ನು ಸಿಡಿಸುವಷ್ಟು ಬಲ ಅದಕ್ಕಿದೆಯೇ ಎಂಬುದನ್ನು ಪೆನ್ಸಿಲ್ ಹೇಳುವುದಿಲ್ಲ.

ಮನೆಗೆ ತಂದ ಕೂಡಲೇ ರೇಂಜಿಗೆ ಓಡಬೇಡಿ. ಕಾರ್ಖಾನೆಯಲ್ಲಿ ಬಳಿದಿರುವುದು ತುಕ್ಕು ಹಿಡಿಯದಿರಲು ಹಾಕಿದ ಜಿಡ್ಡು. ಹೊಸ ಪಿಸ್ತೂಲಿನ ಮೊದಲ ದಿನದ ತಕರಾರುಗಳಲ್ಲಿ ಎಷ್ಟೋ ಅದರಿಂದ ಬರುತ್ತವೆ. ಬಿಚ್ಚಿ, ಒರೆಸಿ, ಸ್ಲೈಡ್ ಜಾರುವ ನಾಲ್ಕು ಹಳಿಗಳಿಗೆ ಒಂದೊಂದು ಹನಿ, ಬ್ಯಾರೆಲ್ಲಿನ ಹೊರಮೈಗೆ ಒಂದು ಹನಿ ಎಣ್ಣೆ ಹಾಕಿ. ಸ್ಟ್ರೈಕರ್ ಓಡುವ ರಂಧ್ರಕ್ಕೆ ಎಣ್ಣೆ ಬೇಡವೇ ಬೇಡ. ಅಲ್ಲಿ ಎಣ್ಣೆಗೆ ಮಸಿ ಸೇರಿ ಅಂಟಾಗಿ ಸ್ಟ್ರೈಕರಿನ ಹೊಡೆತ ನಿಧಾನವಾಗುತ್ತದೆ. ಗ್ಲಾಕ್‌ನಂಥ ಪಿಸ್ತೂಲುಗಳನ್ನು ಬಿಚ್ಚುವ ಮೊದಲು ಟ್ರಿಗರ್ ಎಳೆಯಲೇಬೇಕು, ಆದ್ದರಿಂದ ಚೇಂಬರನ್ನು ಎರಡು ಸಲ ನೋಡಿ. ಬಿಚ್ಚಿದಾಗ ಇನ್ನೊಂದು ಕೆಲಸ: ಬ್ಯಾರೆಲ್ಲನ್ನು ಕೈಯಲ್ಲಿ ಹಿಡಿದು ನೀವು ಬಳಸಲಿರುವ ಗುಂಡನ್ನು ಚೇಂಬರಿಗೆ ಬಿಡಿ. ಟಕ್ ಎಂದು ಕೂತು, ಬೆರಳಲ್ಲಿ ಸಲೀಸಾಗಿ ತಿರುಗಿ, ಬೋರಲು ಹಾಕಿದಾಗ ಜಾರಿ ಬೀಳಬೇಕು. ಕಚ್ಚಿಕೊಂಡರೆ ಆ ಗುಂಡು ಆ ಬ್ಯಾರೆಲ್ಲಿಗೆ ಒಗ್ಗುವುದಿಲ್ಲ.

ಈಗ ಪರೀಕ್ಷೆ. ಎಲ್ಲ ಮ್ಯಾಗಜೀನುಗಳ ಮೇಲೆ 1, 2, 3 ಎಂದು ಮಾರ್ಕರಿನಲ್ಲಿ ಬರೆಯಿರಿ. ಇದನ್ನು ಬಿಟ್ಟವರಿಗೆ ತೊಂದರೆ ಪಿಸ್ತೂಲಿನದೋ ಮ್ಯಾಗಜೀನಿನದೋ ಎಂದು ಗೊತ್ತಾಗುವುದೇ ಇಲ್ಲ. 115 ಗ್ರೇನ್, ಅಂದರೆ ಸುಮಾರು ಏಳೂವರೆ ಗ್ರಾಂನ, ಹಿತ್ತಾಳೆ ಕೇಸಿನ ಸಾಮಾನ್ಯ ಗುಂಡು 250. 124 ಗ್ರೇನಿನದು 150. ಮನೆಯಲ್ಲಿ ರಕ್ಷಣೆಗೆಂದು ತುಂಬಿಡಲಿರುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿಯಿರುವ ಗುಂಡು) 100. ಸಾಮಾನ್ಯ ಗುಂಡಿಗೆ ಈಚೆಗೆ ಸುಮಾರು 25 ಸೆಂಟ್, ಹಾಲೋ ಪಾಯಿಂಟ್‌ಗೆ ಒಂದು ಡಾಲರಿನ ಹತ್ತಿರ. ಒಟ್ಟು 200 ಡಾಲರ್. ಇಲ್ಲಿ ಜನ ಅಕ್ಕಿ ಮೇಲಾಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಹಾಗೆ ಮಾಡುತ್ತಾರೆ: ಹಾಲೋ ಪಾಯಿಂಟಿನ ಒಂದೇ ಒಂದು ಪೆಟ್ಟಿಗೆ ತಂದು, ಒಂದನ್ನೂ ಹಾರಿಸದೆ ಅದನ್ನೇ ತುಂಬಿಟ್ಟು ಮಲಗುತ್ತಾರೆ. ಮೂತಿ ಮೊಂಡಾದ ಗುಂಡು ಅಗ್ಗದ ಪಿಸ್ತೂಲಿನಲ್ಲಿ ಗುಂಡನ್ನು ಚೇಂಬರಿಗೆ ಏರಿಸುವ ಒರಟು ಇಳಿಜಾರಿಗೆ, ಅಂದರೆ ಫೀಡ್ ರ‍್ಯಾಂಪಿಗೆ ತಾಗಿ ನಿಲ್ಲುವ ಸಾಧ್ಯತೆ ಉರುಟು ಮೂತಿಯದಕ್ಕಿಂತ ಹೆಚ್ಚು. ಪರೀಕ್ಷೆ ಬೇಕಾಗಿರುವುದು ಮುಖ್ಯವಾಗಿ ಅದಕ್ಕೇ.

ಮೊದಲ 100 ಗುಂಡುಗಳಲ್ಲಿ ಬಂದ ತೊಂದರೆಗಳನ್ನು ಬರೆದುಕೊಳ್ಳಿ, ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಸ್ಪ್ರಿಂಗ್, ಹೊಸ ಲೇಪನ ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಅದು. ಆಮೇಲಿನ 400ರಲ್ಲಿ ನಡುವೆ ಸ್ವಚ್ಛ ಮಾಡಬೇಡಿ. ಕೆಲವು ಸುತ್ತು ಒಂದೇ ಕೈಯಲ್ಲಿ, ಕೆಲವು ಎಡಗೈಯಲ್ಲಿ ಹಾರಿಸಿ. ಮ್ಯಾಗಜೀನ್ ಒಮ್ಮೆ ಪೂರ್ತಿ ತುಂಬಿ, ಒಮ್ಮೆ ಎರಡೇ ಹಾಕಿ ನೋಡಿ. ಸ್ಪ್ರಿಂಗ್ ಅತಿ ಬಿಗಿಯಾಗಿರುವುದು ಪೂರ್ತಿ ತುಂಬಿದಾಗ, ಅತಿ ಸಡಿಲವಾಗಿರುವುದು ಕೊನೆಯ ಗುಂಡಿನಲ್ಲಿ.

ಪಿಸ್ತೂಲು ನಿಂತಾಗ ಗಾಬರಿಯಿಂದ ಸ್ಲೈಡ್ ಎಳೆದುಬಿಟ್ಟರೆ ಸಾಕ್ಷಿ ಹೋಯಿತು. ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಬೆರಳನ್ನು ಟ್ರಿಗರಿನಿಂದ ತೆಗೆದು, ಹೇಗೆ ನಿಂತಿದೆ ನೋಡಿ. ಗುಂಡಿನ ಮೂತಿ ಕೆಳಗೆ ಬಾಗಿ ರ‍್ಯಾಂಪಿಗೆ ಒತ್ತಿ ನಿಂತಿದ್ದರೆ ಮೊದಲ ಅನುಮಾನ ಮ್ಯಾಗಜೀನಿನ ತುಟಿ ಅಥವಾ ಸ್ಪ್ರಿಂಗಿನ ಮೇಲೆ. ನಂಬರ್ ನೋಡಿ; ಪ್ರತಿಸಲ 2 ಎಂದೇ ಇದ್ದರೆ ಪಿಸ್ತೂಲು ನಿರಪರಾಧಿ, ಆ ಮ್ಯಾಗಜೀನನ್ನು ಎತ್ತಿಡಿ. ಸ್ಲೈಡ್ ಎರಡು ಮೂರು ಮಿಲಿಮೀಟರ್ ಮುಚ್ಚದೆ ಉಳಿದರೆ ಕೊಳೆ, ಬಿಗಿ ಚೇಂಬರ್, ಇಲ್ಲವೇ ಸ್ಲೈಡಿಗೆ ಉಜ್ಜುತ್ತಿರುವ ನಿಮ್ಮದೇ ಹೆಬ್ಬೆರಳು. ಖಾಲಿ ಕೇಸ್ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಂಡರೆ ಗುಂಡು ದುರ್ಬಲ, ಅಥವಾ ಮಣಿಕಟ್ಟು ಸಡಿಲ, ಅಥವಾ ಎಕ್ಸ್‌ಟ್ರಾಕ್ಟರ್ ಹಿಡಿತ ಸಾಲದು. ಹಗುರ ಪಿಸ್ತೂಲಿನಲ್ಲಿ ಮಣಿಕಟ್ಟಿನ ಪಾತ್ರ ದೊಡ್ಡದು: ಸ್ಲೈಡ್ ಹಿಂದೆ ಹೋಗುವಾಗ ಫ್ರೇಮೂ ಜೊತೆಗೇ ಹೋದರೆ ಸ್ಪ್ರಿಂಗ್ ಪೂರ್ತಿ ಅದುಮುವುದಿಲ್ಲ. ಅದೇ ಪಿಸ್ತೂಲನ್ನು ಅನುಭವಿಯೊಬ್ಬರ ಕೈಗೆ ಕೊಟ್ಟು ಐವತ್ತು ಹಾರಿಸಿದರೆ ಉತ್ತರ ಸಿಗುತ್ತದೆ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದು ಹಿಂದಿನಿಂದ ಹೊಸ ಗುಂಡು ಬಂದು ಗುದ್ದಿದರೆ ಮಾತ್ರ ಎಕ್ಸ್‌ಟ್ರಾಕ್ಟರ್ ಅಥವಾ ಒರಟು ಚೇಂಬರ್, ಇದು ಗಂಭೀರ.

ಕ್ಲಿಕ್ ಎಂದು ಸಿಡಿಯದಿದ್ದರೆ 30 ಸೆಕೆಂಡ್ ಮೂತಿ ಗುರಿಯ ಕಡೆಗೇ ಇರಲಿ, ತಡವಾಗಿ ಸಿಡಿಯುವ ಗುಂಡುಗಳೂ ಇವೆ. ಆಮೇಲೆ ಹೊರತೆಗೆದು ಪ್ರೈಮರಿನ ಗುಳಿ ನೋಡಿ. ಆಳವಾಗಿದ್ದರೆ ಗುಂಡಿನ ದೋಷ, ಸೂಜಿ ತಾಗಿದಷ್ಟೇ ಇದ್ದರೆ ಸ್ಟ್ರೈಕರಿನದು. ಜಿ3ಸಿಯಲ್ಲಿ ಟ್ರಿಗರ್ ಇನ್ನೊಮ್ಮೆ ಎಳೆದರೆ ಮತ್ತೆ ಹೊಡೆಯುವ ವ್ಯವಸ್ಥೆಯಿದೆ. ಎರಡನೆಯ ಹೊಡೆತಕ್ಕೆ ಪದೇಪದೇ ಸಿಡಿಯುತ್ತಿದ್ದರೆ ಅದನ್ನು ಸೌಲಭ್ಯ ಎಂದುಕೊಳ್ಳಬೇಡಿ, ಬರೆದಿಡಿ. ಸದ್ದು ಸಣ್ಣದಾಗಿ ಪುಸ್ ಎಂದರೆ ಅಲ್ಲಿಗೇ ನಿಲ್ಲಿಸಿ; ಸೀಸ ಬ್ಯಾರೆಲ್ಲಿನಲ್ಲೇ ಸಿಕ್ಕಿರಬಹುದು, ಮುಂದಿನ ಗುಂಡು ಬ್ಯಾರೆಲ್ಲನ್ನು ಒಡೆಯಬಹುದು.

ಕೊನೆಯ ಗುಂಡಿನ ಮೇಲೆ ಸ್ಲೈಡ್ ತೆರೆದು ನಿಲ್ಲಲಿಲ್ಲ ಎಂಬ ದೂರು ಅತಿ ಸಾಮಾನ್ಯ. ಹೆಚ್ಚಿನ ಸಲ ಹೆಬ್ಬೆರಳು ಸ್ಲೈಡನ್ನು ತೆರೆದು ಹಿಡಿಯುವ ಸನ್ನೆಯ, ಅಂದರೆ ಸ್ಲೈಡ್ ಸ್ಟಾಪಿನ ಮೇಲೆ ಕೂತಿರುತ್ತದೆ. ಅಮೆರಿಕ ಸೈನ್ಯದ ಆಗಿನ ಹೊಸ ಪಿಸ್ತೂಲಿನ, ಅಂದರೆ ಪಿ320ರ ಸೈನ್ಯದ ಆವೃತ್ತಿಯ, ಬಗ್ಗೆ ಪೆಂಟಗಾನಿನ ಪರೀಕ್ಷಾ ವಿಭಾಗ ಕೊಟ್ಟ 2017ರ ವರದಿಯಲ್ಲೂ ನಿಲುಗಡೆಗಳಲ್ಲಿ ದೊಡ್ಡ ಪಾಲು ಇದರದ್ದೇ ಇತ್ತು.

ಅದೇ ಪಿಸ್ತೂಲಿಗೆ ಸೈನ್ಯ ಕೇಳಿದ್ದು ಎರಡು ನಿಲುಗಡೆಗಳ ನಡುವೆ ಸರಾಸರಿ 2,000 ಗುಂಡು. ನಿಮ್ಮ 500ರ ಪರೀಕ್ಷೆ ಎಷ್ಟನ್ನು ಸಾಬೀತು ಮಾಡುತ್ತದೆ? ಸುಲಭದ ಸೂತ್ರವೊಂದಿದೆ. ಒಂದೂ ತೊಂದರೆ ಬರದೆ ಹಾರಿಸಿದ ಗುಂಡುಗಳ ಸಂಖ್ಯೆಯಿಂದ 3ನ್ನು ಭಾಗಿಸಿ. 200 ಗುಂಡು ಸಲೀಸಾಗಿ ಹೋದರೆ 3/200, ಅಂದರೆ ತೊಂದರೆಯ ಪ್ರಮಾಣ ನೂರಕ್ಕೆ ಒಂದೂವರೆಗಿಂತ ಕಡಿಮೆ ಎಂದು ನೂರಕ್ಕೆ 95 ಪಾಲು ಖಾತ್ರಿಯಿಂದ ಹೇಳಬಹುದು, ಅಷ್ಟೇ. 400 ಸಲೀಸಾಗಿ ಹೋದರೆ ನೂರಕ್ಕೆ ಮುಕ್ಕಾಲಿಗಿಂತ ಕಡಿಮೆ. ಸೈನ್ಯದ ಮಟ್ಟವನ್ನು ಒಂದೇ ಪಿಸ್ತೂಲಿನಲ್ಲಿ ಸಾಬೀತು ಮಾಡಲು 6,000 ಗುಂಡು ಬೇಕು. ಆದ್ದರಿಂದ "ಎರಡು ಪೆಟ್ಟಿಗೆ ಹಾರಿಸ್ದೆ, ಬೆಣ್ಣೆ ಥರ ಇದೆ" ಎಂಬ ವಿಮರ್ಶೆಗೆ ಬೆಲೆ ಕೊಡಬೇಡಿ. ದುಬಾರಿ ಪಿಸ್ತೂಲಿಗೂ ಇದೇ ಗಣಿತ, ಪರೀಕ್ಷೆ ಅದಕ್ಕೂ ಬೇಕು. ಅಲ್ಲಿ ಕೊಡುವ ಹೆಚ್ಚಿನ ದುಡ್ಡಿನಿಂದ ಸಿಗುವುದು, ಕೆಟ್ಟ ಒಂದು ನಿಮ್ಮ ಕೈಗೇ ಬರುವ ಸಾಧ್ಯತೆ ಕಡಿಮೆಯಾಗುವುದು. ಹೋಲ್‌ಸ್ಟರ್, ಬಿಡಿಭಾಗ ಎಲ್ಲೆಡೆ ಸಿಗುವುದು ಮತ್ತು ಮಾರುವಾಗ ಒಳ್ಳೆಯ ಬೆಲೆ ಬರುವುದು ಅದರ ಜೊತೆಗೆ.

ನನ್ನ ಅಳತೆ ಇದು: ಕೊನೆಯ 400ರಲ್ಲಿ ಪಿಸ್ತೂಲಿನದೇ ತಪ್ಪಿನಿಂದ ಒಂದೂ ನಿಲುಗಡೆ ಇರಬಾರದು, ಹಾಲೋ ಪಾಯಿಂಟಿನ 100ರಲ್ಲಿ ಯಾವ ಕಾರಣಕ್ಕೂ ಇರಬಾರದು. ಕಾರಣ ತಿಳಿದ ಒಂದು ನಿಲುಗಡೆ ಬಂದರೆ ಸರಿಪಡಿಸಿ ಇನ್ನೂ 100 ಹಾರಿಸಿ. ಕಾರಣ ತಿಳಿಯದ ಒಂದೇ ಥರದ ನಿಲುಗಡೆ ಎರಡು ಸಲ ಬಂದರೆ ಟಿಪ್ಪಣಿಯ ಸಮೇತ ವಾರಂಟಿಗೆ ಕಳಿಸಿ. ದುರಸ್ತಿಯಾಗಿ ಬಂದ ಮೇಲೆ ಎಣಿಕೆ ಸೊನ್ನೆಯಿಂದ. ಪಾಸಾದ ಜಿ3ಸಿ, ರೂಗರ್ ಸೆಕ್ಯುರಿಟಿ-9, ಸ್ಮಿತ್ ಅಂಡ್ ವೆಸನ್ ಎಸ್‌ಡಿ9, ಯಾವುದೇ ಆಗಲಿ, ಮನೆಯ ರಕ್ಷಣೆಗೆ ಸಾಕು. ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗನ್ನು ಮೂರರಿಂದ ಐದು ಸಾವಿರ ಗುಂಡಿಗೊಮ್ಮೆ ಬದಲಿಸಿ.

ಊರಿನಿಂದಲೂ ಇದೇ ಪ್ರಶ್ನೆ ಬರುತ್ತದೆ, ಆದರೆ ಅಲ್ಲಿ ಉತ್ತರ ಬೇರೆ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಕೊಡದ ಅಳತೆ. ಸಾಮಾನ್ಯ ಲೈಸೆನ್ಸಿನವರಿಗೆ ಸಿಗುವ ಪಿಸ್ತೂಲು ಹೆಚ್ಚಾಗಿ .32, ಸರ್ಕಾರಿ ಕಾರ್ಖಾನೆಯ ಅಶನಿಯಂಥದ್ದು. ವರ್ಷಕ್ಕೆ ಕೊಳ್ಳಬಹುದಾದ ಗುಂಡಿಗೆ ಲೈಸೆನ್ಸಿನಲ್ಲೇ ಮಿತಿ ಇರುವುದರಿಂದ 500ರ ಪರೀಕ್ಷೆಯ ಮಾತೇ ಇಲ್ಲ. ಇರುವ ಗುಂಡುಗಳಲ್ಲಿ ಅರ್ಧವನ್ನಾದರೂ ಮ್ಯಾಗಜೀನುಗಳ ಪರೀಕ್ಷೆಗೆ ಖರ್ಚು ಮಾಡಿ. .32 ಗುಂಡಿನ ಬುಡದಲ್ಲಿ ಸ್ವಲ್ಪವೇ ಹೊರಚಾಚಿದ ಅಂಚಿದೆ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಂದೆ ಸರಿಯುವುದೇ ಇಲ್ಲ, ಸ್ಲೈಡ್ ಎಷ್ಟು ಸಲ ಎಳೆದರೂ ಬಿಡಿಸಲಾಗುವುದಿಲ್ಲ. ಗಿಡ್ಡ ಗುಂಡು ಹಾಕಿದಾಗ ಮ್ಯಾಗಜೀನಿನಲ್ಲಿ ಹಿಂದೆಮುಂದೆ ಜಾಗ ಉಳಿದು ಇದು ಹೆಚ್ಚು. ಪೂರ್ತಿ ಉದ್ದದ, ಉರುಟು ಮೂತಿಯ ಗುಂಡನ್ನೇ ಬಳಸಿ. ತುಂಬುವಾಗ ಪ್ರತಿ ಗುಂಡಿನ ಅಂಚು ಅದರ ಕೆಳಗಿನದರ ಅಂಚಿನ ಮುಂದೆ ಬರುವಂತೆ ಕೂರಿಸಿ. ತುಂಬಿದ ಮೇಲೆ ಮ್ಯಾಗಜೀನಿನ ಬೆನ್ನನ್ನು ಅಂಗೈಗೆ ಎರಡು ಸಲ ತಟ್ಟಿ, ಗುಂಡುಗಳೆಲ್ಲ ಹಿಂದಕ್ಕೆ ಸರಿದಿವೆಯೇ ಎಂದು ಪಕ್ಕದ ರಂಧ್ರಗಳಲ್ಲಿ ನೋಡಿ.