ತೀರಿಹೋದ ಲೈನ್‌ಮ್ಯಾನ್ ಮನೆಯಲ್ಲಿ ಏನು ಕೇಳಬೇಕು

ಮಲೆನಾಡಿನ ಒಂದು ವಿದ್ಯುತ್ ವಿಭಾಗ ಕಚೇರಿಯಲ್ಲಿ ಪಿಂಚಣಿ ಟೇಬಲ್ ನನ್ನದು. ನಿವೃತ್ತರಾಗುವವರ ಕಡತ ಕಳಿಸುವುದು, ಅವರು ತೀರಿಕೊಂಡ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ ಮಾಡಿಸಿಕೊಡುವುದು ಎರಡೂ ನನ್ನ ಕೆಲಸ. ಇದರ ಜೊತೆಗೆ ಯಾರೂ ಆದೇಶ ಮಾಡದ ಇನ್ನೊಂದು ಕೆಲಸವೂ ಬಂದು ಸೇರಿಕೊಂಡಿದೆ. ವರ್ಷಕ್ಕೊಮ್ಮೆ ನಮ್ಮ ನಿವೃತ್ತ ನೌಕರರೆಲ್ಲ ಒಂದು ಕಡೆ ಸೇರುತ್ತಾರೆ. ಆ ವರ್ಷ ಹೋದವರ ಹೆಸರು ಓದಿ, ಎದ್ದು ನಿಂತು ಮೌನ ಆಚರಿಸುತ್ತಾರೆ. ಹೆಸರಿನ ಜೊತೆ ಓದಲು ನಾಲ್ಕು ಮಾತು ಬರೆದುಕೊಡುವವಳು ನಾನು.

ಹಳೇ ಫೈಲಿನಲ್ಲಿ ಹಿಂದಿನವರು ಬರೆದ ಒಕ್ಕಣೆಗಳಿವೆ. ಹೆಸರು, ಹುದ್ದೆ, ಸೇರಿದ ದಿನ, ನಿವೃತ್ತಿಯ ದಿನ, ಕೊನೆಗೆ "ಸರಳ ಸಜ್ಜನರಾಗಿದ್ದರು". ಹೆಸರೊಂದು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಮೂವತ್ತು ಚಿಲ್ಲರೆ ವರ್ಷ ಮಳೆಯಲ್ಲಿ ಕಂಬ ಹತ್ತಿದವರಿಗೆ ಇಷ್ಟು ಸಾಲದು.

ನಾನು ಶುರು ಮಾಡುವುದು ಸರ್ವಿಸ್ ರಿಜಿಸ್ಟರಿನಿಂದ. ಎಪ್ಪತ್ತರ ದಶಕದಲ್ಲಿ ಸೇರಿದವರ ರಿಜಿಸ್ಟರ್ ಕೈಗೆ ತೆಗೆದುಕೊಂಡರೆ ಮೊದಲು ಹಳೇ ಅಂಟಿನ ವಾಸನೆ ಬರುತ್ತದೆ. ಮೊದಲ ಪುಟದಲ್ಲಿ ತಂದೆಯ ಹೆಸರು, ಊರು, ಎತ್ತರ, ಮೈಮೇಲಿನ ಗುರುತು. "ಎಡ ಹುಬ್ಬಿನ ಮೇಲೆ ಮಚ್ಚೆ" ಅಂತ ಯಾರೋ ಗುಮಾಸ್ತರು ದುಂಡಗೆ ಬರೆದಿರುತ್ತಾರೆ. ಅದರ ಕೆಳಗೆ ಎಡಗೈಯ ಐದು ಬೆರಳಿನ ಗುರುತು. ಇಪ್ಪತ್ತರ ಹರೆಯದ ಹುಡುಗನ ಬೆರಳು ಅದು. ಪುಟ ತಿರುವುತ್ತಾ ಹೋದರೆ ದಿನಗೂಲಿ ಮಜ್ದೂರ್ ಖಾಯಂ ಆಗುತ್ತಾನೆ, ಲೈನ್‌ಮ್ಯಾನ್ ಆಗುತ್ತಾನೆ, ಮೆಕ್ಯಾನಿಕ್ ಆಗುತ್ತಾನೆ.

ಮೇಲಿನ ಮೊಹರೂ ಬದಲಾಗುತ್ತಾ ಬರುತ್ತದೆ. 1957ರಲ್ಲಿ ಹುಟ್ಟಿದ್ದು ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಮೇಲೆ ಅದೇ ಕೆಇಬಿ. 1999ರ ಆಗಸ್ಟ್‌ನಲ್ಲಿ ಕೆಪಿಟಿಸಿಎಲ್, ಅಂದರೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ. 2002ರ ಜೂನ್‌ನಿಂದ ಊರಿಗೆ ಕರೆಂಟ್ ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಯಿತು. ಆ ಮನುಷ್ಯ ಮಾತ್ರ ಅದೇ ಸೆಕ್ಷನ್, ಅದೇ ಫೀಡರ್, ಅದೇ ಸೈಕಲ್. ಜನರ ಬಾಯಲ್ಲಿ ಇವತ್ತಿಗೂ ಕೆಇಬಿಯೇ ಅಲ್ವಾ? ವೈಕುಂಠ ಸಮಾರಾಧನೆಯ ಕಾರ್ಡಿನಲ್ಲೂ ಮಕ್ಕಳು "ನಿವೃತ್ತ ಕೆಇಬಿ ನೌಕರರು" ಅಂತಲೇ ಹಾಕಿಸುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ರಿಜಿಸ್ಟರ್ ಹೇಳುವುದು ಅಲ್ಲಿಗೆ ಮುಗಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ ಉದ್ದದ ವೈದ್ಯಕೀಯ ರಜೆಯ ನಮೂದು ಇರುತ್ತದೆ. ಕಂಬದಿಂದ ಬಿದ್ದದ್ದೋ, ಶಾಕ್ ಹೊಡೆದದ್ದೋ, ಟೈಫಾಯ್ಡ್ ಜ್ವರವೋ ಅದರಲ್ಲಿ ಇರುವುದಿಲ್ಲ. ಅದನ್ನು ಮನೆಯಲ್ಲಿ, ಜೊತೆಗೆ ಕೆಲಸ ಮಾಡಿದವರ ಹತ್ತಿರವೇ ಕೇಳಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ. ಈ ಟೇಬಲ್ ನನಗೆ ಕಲಿಸಿದ್ದರಲ್ಲಿ ದೊಡ್ಡದು ಇದೇ. "ನಿಮ್ಮ ಯಜಮಾನರು ಹೇಗಿದ್ರು ಅಮ್ಮಾ?" ಅಂದರೆ "ತುಂಬಾ ಒಳ್ಳೆಯವರು ಮೇಡಂ" ಅಂತ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಂದಕ್ಕೆ ಮಾತಿಲ್ಲ. ಅದೇ "ಮಳೆಗಾಲದಲ್ಲಿ ಮನೆಗೆ ಎಷ್ಟು ಹೊತ್ತಿಗೆ ಬರ್ತಿದ್ರು?" ಅಂತ ಕೇಳಿ ನೋಡಿ. ಮುಖವೇ ಬೇರೆಯಾಗುತ್ತದೆ. ಒದ್ದೆ ಖಾಕಿ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದದ್ದು, ಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಹಚ್ಚುತ್ತಿದ್ದದ್ದು, ನಡುರಾತ್ರಿ ತೋಟದವರು ಲಾಟೀನು ಹಿಡಿದು ಬಂದು "ಲೈನ್ ಮೇಲೆ ಮರ ಬಿದ್ದಿದೆ" ಅಂತ ಬಾಗಿಲು ತಟ್ಟುತ್ತಿದ್ದದ್ದು, ಎಲ್ಲ ಒಂದೊಂದಾಗಿ ಬರುತ್ತವೆ. ಅಂದರೆ ಸ್ವಭಾವ ಕೇಳಬಾರದು, ಕೆಲಸ ಕೇಳಬೇಕು. ಸ್ವಭಾವ ಅದರ ಜೊತೆಗೆ ತಾನಾಗಿ ಬರುತ್ತದೆ.

ಸಬ್‌ಸ್ಟೇಷನ್ ಆಪರೇಟರ್ ಒಬ್ಬರ ಮನೆಯಲ್ಲಿ ನಾನು ಕೇಳಿದ್ದು ನಿದ್ದೆಯ ಬಗ್ಗೆ. ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ವೋಲ್ಟೇಜು, ಆಂಪಿಯರ್ ನೋಡಿ ಲಾಗ್ ಶೀಟಿನಲ್ಲಿ ಬರೆಯಬೇಕು. ರಾತ್ರಿ ಪಾಳಿಯಲ್ಲೂ ಅಷ್ಟೇ. "ರಿಟೈರ್ ಆದ ಮೇಲೂ ಗಂಟೆಗೊಂದು ಸಲ ಎದ್ದು ಕೂರೋರು. ಗಡಿಯಾರ ನೋಡಿ ಮತ್ತೆ ಮಲಗೋರು" ಅಂದರು ಅವರ ಹೆಂಡತಿ. ಆ ಮಾತನ್ನು ಹಾಗೇ ಬರೆದುಕೊಟ್ಟೆ. ಸಭೆಯಲ್ಲಿ ಓದಿದಾಗ ಹಳೇ ಆಪರೇಟರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಲೆಡ್ಜರ್ ಬರೆಯುತ್ತಿದ್ದವರ ಕತೆ ಬೇರೆ. ನಿಮ್ಮ ಬಿಲ್ಲಿನ ಮೇಲೆ ಆರ್‌ಆರ್ ನಂಬರ್ ಅಂತ ಇರುತ್ತದಲ್ಲ, ಕಂಪ್ಯೂಟರ್ ಬರುವ ಮೊದಲು ಆ ಒಂದೊಂದು ನಂಬರಿಗೂ ಲೆಡ್ಜರಿನಲ್ಲಿ ಜಾಗ ಇರುತ್ತಿತ್ತು. ನಮ್ಮಲ್ಲಿ ಒಬ್ಬರು ನಂಬರ್ ಹೇಳಿದರೆ ಮನೆ ಹೇಳುತ್ತಿದ್ದರು. ಯಾವ ಮನೆ ಪಾಲಾಗಿದೆ, ಯಾರ ಪಂಪ್‌ಸೆಟ್ ಬಾವಿ ಬತ್ತಿದೆ, ಒಂದೇ ಬಲ್ಬಿನ ಭಾಗ್ಯಜ್ಯೋತಿ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳಾ ಅನ್ನುವುದೆಲ್ಲ ಅವರಿಗೆ ಗೊತ್ತು. ಅವರು ತೀರಿಕೊಂಡಾಗ ಜೊತೆಗಿದ್ದವರಿಂದ ಈ ಸಂಗತಿಗಳನ್ನು ಕೇಳಿ ತಿಳಿದುಕೊಂಡೆ. ಇನ್ನೂ ಎಷ್ಟು ವಿಷಯ ಅವರ ಜೊತೆಗೇ ಹೋಯಿತೋ.

ಆದರೆ ನಾನು ಎಲ್ಲರಿಗೂ ಹೇಳಬೇಕು ಅಂದುಕೊಂಡಿರುವುದು ಒಬ್ಬ ಗ್ಯಾಂಗ್ ಮೇಸ್ತ್ರಿಗಳ ವಿಷಯ. ಈ ಇಲಾಖೆಯಲ್ಲಿ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. 11 ಕೆವಿ ಲೈನಿನಲ್ಲಿ ಕೆಲಸ ಮಾಡಬೇಕಾದರೆ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ನಾವು ಎಲ್‌ಸಿ ಅನ್ನುತ್ತೇವೆ. ಆಪರೇಟರ್ ಆ ಫೀಡರ್, ಅಂದರೆ ಅಲ್ಲಿಂದ ಹೊರಡುವ ಆ ಲೈನ್, ಆಫ್ ಮಾಡಿ, ಯಾರು ಕೇಳಿದರು, ಎಷ್ಟು ಗಂಟೆಗೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಜಾಗದಲ್ಲಿ ಇರುವವರು ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೆಲಸ ಮಾಡುವ ಜಾಗದ ಎರಡೂ ಕಡೆ ಲೈನನ್ನು ನೆಲಕ್ಕೆ ಸೇರಿಸುವ ಅರ್ಥ್ ರಾಡ್ ಹಾಕಬೇಕು. ಈಗಂತೂ ಎಲ್ಲ ಕಡೆ ಜನರೇಟರ್ ಇದೆ. ಆಫ್ ಆದ ಲೈನಿಗೂ ಹಿಂದಿನಿಂದ ಕರೆಂಟ್ ಬರಬಹುದು. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವರೇ ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ ಲೈನ್ ಚಾರ್ಜ್ ಮಾಡುವ, ಅಂದರೆ ಮತ್ತೆ ಕರೆಂಟ್ ಬಿಡುವ ಹಾಗಿಲ್ಲ.

ಮೇಸ್ತ್ರಿಗಳು ಇಷ್ಟಕ್ಕೇ ಬಿಡುತ್ತಿರಲಿಲ್ಲವಂತೆ. ಕೆಲಸ ಮುಗಿಯಿತು ಅಂದ ಕೂಡಲೇ ಗ್ಯಾಂಗಿನ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಕೂಗಿದವನು "ಇಳಿದೆ ಮೇಸ್ತ್ರಿ" ಅಂತ ಬಾಯಿ ಬಿಟ್ಟು ಹೇಳಲೇಬೇಕು. ಎದುರಿಗೆ ನಿಂತು ಬೀಡಿ ಸೇದುತ್ತಿದ್ದರೂ ಹೇಳಬೇಕು. ಕೊನೆಯವನ ಉತ್ತರ ಬಂದ ಮೇಲೆ ಅರ್ಥ್ ರಾಡ್ ತೆಗೆಸಿ, ಅದನ್ನು ತಾವೇ ಎಣಿಸಿ, ಆಮೇಲೆ ಫೋನ್ ಇರುವ ತೋಟದ ಮನೆಗೆ ನಡೆಯುತ್ತಿದ್ದರು. ಊರಿನವರು "ಕರೆಂಟ್ ಯಾವಾಗ ಬರುತ್ತೆ?" ಅಂತ ಗಲಾಟೆ ಮಾಡಿದರೂ ಒಂದೇ ನಡೆ. ಅವರ ಕೈಕೆಳಗೆ ಇದ್ದವರೊಬ್ಬರು, ಈಗ ಅವರೂ ನಿವೃತ್ತರು, ಹನ್ನೊಂದನೇ ದಿನದ ಊಟಕ್ಕೆ ಕೂತಾಗ ನನಗೆ ಇದನ್ನು ಹೇಳಿದರು. "ಎದುರಿಗೇ ಇದೀನಲ್ಲ ಮೇಸ್ತ್ರಿ, ಯಾಕೆ ಕೂಗ್ತೀರಿ ಅಂತ ಒಂದಿನ ಕೇಳ್ದೆ ಮೇಡಂ. ನಿನಗೋಸ್ಕರ ಅಲ್ಲ ಕಣೋ, ಕಾಣದೇ ಇರೋನಿಗೋಸ್ಕರ ಅಂದ್ರು. ಆ ಕಡೆ ತಿರುವಿನ ಕಂಬದ ಮೇಲೆ ಒಬ್ಬ ಇದ್ರೆ?"

ಮಲೆನಾಡಿನ ಲೈನ್ ನೋಡಿದವರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತದೆ. ಅಡಿಕೆ ತೋಟ, ಕಾನು, ಹಳ್ಳ ದಾಟಿ ಹೋಗುವ ಲೈನಿನಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬ ಕಾಣುವುದಿಲ್ಲ. ಮಂಜು ಬಿದ್ದರೆ ಮುಗಿದೇ ಹೋಯಿತು. ಮೇಸ್ತ್ರಿಗಳ ಬಗ್ಗೆ ಬರೆದ ಹಾಳೆಯಲ್ಲಿ ಬಹುಪಾಲು ಇದನ್ನೇ ಬರೆದೆ. ಸಭೆಗೆ ಬಂದಿದ್ದ ಈಗಿನ ಸೆಕ್ಷನ್ ಆಫೀಸರ್ ಒಬ್ಬರು ಹಾಳೆಯ ಫೋಟೋ ತೆಗೆದುಕೊಂಡು ಹೋಗಿ ತಮ್ಮ ಪವರ್‌ಮ್ಯಾನ್ ಹುಡುಗರಿಗೆ ಓದಿ ಹೇಳಿದರು. ನನಗೆ ಅದು ತುಂಬಾ ಸಂತೋಷ ಕೊಟ್ಟಿತು. ಹಾರಕ್ಕಿಂತ ಅದು ದೊಡ್ಡ ಶ್ರದ್ಧಾಂಜಲಿ ಅಂತಲೇ ನನ್ನ ನಂಬಿಕೆ.

ಕಾಗದಪತ್ರದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಹೋದವರನ್ನು ನೆನೆಯುವುದು ಅಂದರೆ ಅವರ ಮನೆಯವರನ್ನು ಅಲೆದಾಡಿಸದೇ ಇರುವುದೂ ಹೌದು. ಸಾವಿನ ನೋಂದಣಿ 21 ದಿನದೊಳಗೆ ಮಾಡಿಸಿ. ಪಿಂಚಣಿ ಆದೇಶದ ಪ್ರತಿ, ಅಂದರೆ ಪಿಪಿಓ, ಎಲ್ಲಿದೆ ಅಂತ ಹೆಂಡತಿಗೆ ಗೊತ್ತಿರಲಿ. ಹೆಚ್ಚಿನ ಮನೆಗಳಲ್ಲಿ ಅದು ಯಾವುದೋ ಟ್ರಂಕಿನ ತಳದಲ್ಲಿ ಇರುತ್ತದೆ. ರಿಜಿಸ್ಟರಿನಲ್ಲಿ ಹೆಂಡತಿಯ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಯಜಮಾನರು ಬದುಕಿರುವಾಗಲೇ ಸರಿಮಾಡಿಸಿ. ತೀರಿಕೊಂಡ ಸುದ್ದಿಯನ್ನು ಬೇಗ ಬ್ಯಾಂಕಿಗೂ ಕಚೇರಿಗೂ ತಿಳಿಸಿ. ಆಮೇಲೆ ಜಮೆಯಾದ ಪಿಂಚಣಿಯನ್ನು ವಾಪಸ್ ಕಟ್ಟಬೇಕಾಗುತ್ತದೆ, ದುಃಖದ ಮನೆಗೆ ಅದೊಂದು ಹೊರೆ ಜಾಸ್ತಿ.

2021ರ ಬೇಸಿಗೆಯಲ್ಲಿ ಮಾತ್ರ ಯಾವ ಮನೆಗೂ ಹೋಗಲಾಗಲಿಲ್ಲ. ಕೊರೊನಾದಲ್ಲಿ ನಮ್ಮ ಹಿರಿಯರು ಒಬ್ಬರ ಹಿಂದೆ ಒಬ್ಬರು ಹೋದರು. ಎಷ್ಟೋ ಜನರ ಮಣ್ಣಿಗೆ ಜೊತೆಯವರು ಯಾರೂ ಇರಲಿಲ್ಲ. ಆ ವರ್ಷದ ಹಾಳೆಗಳನ್ನು ಫೋನಿನಲ್ಲೇ ಕೇಳಿ ಬರೆದೆ. ಅವು ಇನ್ನೂ ತೆಳುವಾಗಿಯೇ ಇವೆ. ಆಗಾಗ ಹಳಬರು ಕಚೇರಿಗೆ ಬಂದಾಗ ಕೂರಿಸಿ, ಟೀ ತರಿಸಿ, ಒಂದೊಂದು ಹೆಸರು ತೆಗೆದು ಕೇಳುತ್ತೇನೆ. ಒಂದೆರಡು ಸಾಲು ಸೇರುತ್ತವೆ.

ಈಗ ಮೇಜಿನ ಮೇಲೆ ಇರುವುದು ಒಬ್ಬ ಹೆಂಗಸಿನ ರಿಜಿಸ್ಟರ್. ಗಂಡ ಲೈನ್‌ಮ್ಯಾನ್, ಕೆಲಸದಲ್ಲೇ ಹೋದರು. ಅನುಕಂಪದ ಮೇಲೆ ಇವರಿಗೆ ಕೆಲಸ ಸಿಕ್ಕಿತು. ರಿಜಿಸ್ಟರಿನ ಮೊದಲ ಆದೇಶದಲ್ಲೇ ಗಂಡನ ಸಾವಿನ ತಾರೀಖು ಇದೆ. ನಿವೃತ್ತಿಯವರೆಗೂ ನಮ್ಮ ಕಚೇರಿಯ ಬಾಗಿಲು ತೆಗೆಯುತ್ತಿದ್ದವರು, ಟಪಾಲು ಹಂಚುತ್ತಿದ್ದವರು ಇವರೇ. ಹೊಸದಾಗಿ ಅನುಕಂಪದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳನ್ನು ಮೊದಲ ದಿನ ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕುತ್ತಿದ್ದವರೂ ಇವರೇ. ಮೊನ್ನೆ ಅವರ ಮಗ ಬಂದಿದ್ದ. "ಅಪ್ಪನ ಬಗ್ಗೆ ಎಲ್ಲರೂ ಹೇಳ್ತಾರೆ ಮೇಡಂ. ನೀವು ಅಮ್ಮನ ಕೆಲಸದ ಬಗ್ಗೆ ಬರೀರಿ" ಅಂದ. ಹಾಗೆ ಊಟ ಮಾಡಿದವರಲ್ಲಿ ಮೂವರು ಇನ್ನೂ ನಮ್ಮ ವಿಭಾಗದಲ್ಲಿ ಇದ್ದಾರೆ. ಸೋಮವಾರ ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು.